ಗುಮ್ಮಟದ ಕೆಳಗಿನ ಕೋಣೆಗಳು

ಜೂನ್ ೪

ಅಮ್ಮಾ,

ರಜೆ ಮುಗಿಸಿ ಬಂದು ಸೇರಿದ್ದೇನೆ. ಪೆಟ್ಟಿಗೆಯ ಬೀಗ ದಾರಿಯಲ್ಲೇ ಪ್ರಾಣ ಬಿಟ್ಟಿತು, ಒಳಗಿನದೆಲ್ಲ ನೀನು ಮಡಿಸಿಟ್ಟ ಹಾಗೆಯೇ ಇದೆ. ಹೊಸ ರೂಮು ಚಿಕ್ಕದು. ಕಿಟಕಿ ತೆರೆದರೆ ಬಸ್ಸುಗಳ ಸದ್ದು, ಮುಚ್ಚಿದರೆ ಮನೆಯೊಡತಿಯ ಸದ್ದು. ಬಸ್ಸುಗಳೇ ವಾಸಿ.

ಈಗ ಸುದ್ದಿ ಕೇಳು. ನಮ್ಮ ರೇಡಿಯೋ ಕೇಂದ್ರವನ್ನು ದೊಡ್ಡ ಗುಮ್ಮಟಕ್ಕೆ ತಂದಿದ್ದಾರೆ. ಹೌದು, ನಗರದ ಕ್ಯಾಲೆಂಡರಿನಲ್ಲೆಲ್ಲ ಇರುವ ಅದೇ ಗುಮ್ಮಟ. ಅಪ್ಪ ಸಿನಿಮಾ ಮೆಷೀನು ಓಡಿಸುತ್ತಿದ್ದದ್ದು ಅಲ್ಲೇ, ಕೊನೆಗೆ ಜ್ವರ ಬಂದು ಮಲಗಿದ್ದೂ ಅಲ್ಲೇ ಎನ್ನುತ್ತಿದ್ದೆಯಲ್ಲ. ನಾನು ಮುಖವನ್ನೇ ನೋಡದ ಅಪ್ಪ ಹತ್ತಿಳಿದ ಮೆಟ್ಟಿಲನ್ನು ನಾನೂ ದಿನಾ ಹತ್ತುತ್ತೇನೆ ಎಂದುಕೊಂಡರೆ ಒಂಥರಾ ಖುಷಿ. ಅವರನ್ನು ಯಾವ ಮಹಡಿಯಲ್ಲಿ ಮಲಗಿಸಿದ್ದರು? ಹೇಳಿದರೆ ಹೋಗಿ ನೋಡಿ ಬರುತ್ತೇನೆ.

ಗುಮ್ಮಟದ ಕೆಳಗಿನ ಹಜಾರ ನನ್ನಂಥ ಧ್ವನಿ ಕೆಲಸದವರ ಶತ್ರು. ಒಂದು ಸಲ ಸೀನಿದರೆ ನಾಲ್ಕು ಸಲ ಕೇಳಿಸುತ್ತದೆ. ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಆಮೇಲೆ ನೆಲಮಾಳಿಗೆ ತೋರಿಸಿದರು ನೋಡು, ಕೈಮುಗಿಯುವ ಹಾಗಾಯಿತು. ಸಾಲಾಗಿ ಪುಟ್ಟ ಪುಟ್ಟ ಕೋಣೆಗಳು. ಬಾಗಿಲುಗಳು ನನ್ನ ಗೇಣಿನಷ್ಟು ದಪ್ಪ. ಗೋಡೆಯ ಹಲಗೆ ಬಿಚ್ಚಿ ನೋಡಿದರೆ ಹಿಂದೆ ಕಂಬಳಿ, ಕಂಬಳಿಯ ಹಿಂದೆ ಮರದ ಹೊಟ್ಟು. ಸಿನಿಮಾದವರು ಮಾಡಿಸಿದ್ದಿರಬೇಕು. ಯಾರೇ ಆಗಲಿ, ಧ್ವನಿಯ ಸ್ವಭಾವ ಬಲ್ಲವರು. ಒಳಗೆ ಆಡಿದ ಮಾತು ಬಾಯಿಂದ ಹೊರಬಿದ್ದ ಕಡೆಯೇ ನಿಂತುಬಿಡುತ್ತದೆ. ನಮಗೆ ಏನೂ ಖರ್ಚಿಲ್ಲದೆ ಸ್ಟುಡಿಯೋ ಸಿಕ್ಕಿತು.

ಇನ್ನೊಂದು. ಕಟ್ಟಡಕ್ಕೆ ನೂರು ತುಂಬುತ್ತದಂತೆ. ಅದರ ಕಥೆ ಹೇಳುವ ಒಂದು ಕಾರ್ಯಕ್ರಮ ಮಾಡು ಎಂದು ನಿರ್ದೇಶಕರು ನನಗೇ ಒಪ್ಪಿಸಿದ್ದಾರೆ. ನಿನ್ನ ಮಗಳ ಹೆಸರು ರೇಡಿಯೋದಲ್ಲಿ ಬರುತ್ತದೆ, ದೊಡ್ಡಮ್ಮನಿಗೆ ಹೇಳು.

ನಿನ್ನ ಮಗಳು


ಜೂನ್ ೧೬

ಮಗಳೇ,

ಸೂಜಿ ಚುಚ್ಚಿ ಬೆರಳು ಊದಿತ್ತು, ಅದಕ್ಕೆ ಕಾಗದ ತಡವಾಯಿತು. ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ದೊಡ್ಡಮ್ಮ ಬಟ್ಟೆ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಕತ್ತರಿಸಿದ್ದು ಸೊಟ್ಟ ಎಂದು ನಾನು, ಹೊಲಿದದ್ದು ಸೊಟ್ಟ ಎಂದು ಅವಳು. ಗಿರಾಕಿಗಳು ಮಾತ್ರ ಪಾಪ, ಸುಮ್ಮನೆ ತೊಟ್ಟುಕೊಂಡು ಹೋಗುತ್ತಾರೆ.

ಯಾವ ಮಹಡಿ ಎಂದು ನನಗೆ ನೆನಪಿಲ್ಲ. ಅಷ್ಟು ಹಿಂದಿನದು ಯಾರಿಗೆ ನೆನಪಿರುತ್ತದೆ. ನೀನೂ ಹುಡುಕಿಕೊಂಡು ಹೋಗಬೇಡ.

ಊರಾಚೆ ನಿಮ್ಮ ಪ್ರಸಾರದ ಕಂಬ ಇರುವ ಕಡೆಯೂ ಕೆಲಸ ಇರುತ್ತದೆ ಎಂದಿದ್ದೆಯಲ್ಲ. ಅಲ್ಲಿಗೆ ಹಾಕಿಸಿಕೊ. ಗಾಳಿ ಬೆಳಕು ಇರುತ್ತದೆ. ಬಿಸಿಲು ಕಾಣದ ಜಾಗದಲ್ಲಿ ಹಗಲೆಲ್ಲ ಕೂತರೆ ಮನುಷ್ಯ ಏನಾಗುತ್ತಾನೆ? ಆ ಕಾರ್ಯಕ್ರಮವನ್ನೂ ಬೇರೆ ಯಾರಿಗಾದರೂ ದಾಟಿಸಿಬಿಡು. ಹಳಬರನ್ನು ಹಿಡಿದು ಹಳೆಯ ಕಥೆ ಕೇಳಲು ಹೋದರೆ ತಲೆ ತಿನ್ನುತ್ತಾರೆ. ನಿನ್ನ ಕೆಲಸ ಧ್ವನಿಯದು, ಕಥೆಯದಲ್ಲ.

ಹೇಳಿದ್ದನ್ನು ಒಮ್ಮೆಯಾದರೂ ಕೇಳು.

ಅಮ್ಮ


ಜುಲೈ ೧

ಅಮ್ಮಾ,

ನಿನ್ನ ಬೆರಳು ಊದಿದ್ದಕ್ಕೆ ಕಾಗದವೆಲ್ಲ ಖಾರವಾಗಿತ್ತು. ಇರಲಿ.

ಕಥೆ ಕೇಳಬೇಡ ಎಂದೆ ನೀನು, ನಾನು ಕೇಳಿಯೇಬಿಟ್ಟೆ. ನಮ್ಮಲ್ಲಿ ಒಬ್ಬ ಮುದುಕ ಮಾಲಿ ಇದ್ದಾನೆ. ಗಿಡಕ್ಕೆ ನೀರು ಹಾಕುತ್ತಲೇ ಎಲ್ಲ ಹೇಳಿದ. ಗುಮ್ಮಟ ಮೊದಲು ಧಾನ್ಯದ ವ್ಯಾಪಾರಿಗಳದ್ದಂತೆ. ಮೋಡದ ದಿನವೂ ಕಾಳಿನ ಬಣ್ಣ ಸರಿಯಾಗಿ ಕಾಣಲಿ ಎಂದು ಅಷ್ಟು ಎತ್ತರದಲ್ಲಿ ಗಾಜಿನ ಕಿಟಕಿ ಇಟ್ಟರಂತೆ. ಆಮೇಲೆ ಊರಿಗೆ ಜಡ್ಡು ಬಂದಾಗ ಮೂಟೆ ತೆಗೆದು ಮಂಚ ಹಾಕಿದರು. ಜಡ್ಡು ಹೋದ ಮೇಲೆ ಮಂಚ ತೆಗೆದು ಕುರ್ಚಿ ಹಾಕಿದರು, ಸಿನಿಮಾ ಬಂತು. ಆಮೇಲೆ ಒಂದಷ್ಟು ವರ್ಷ ಏನೋ ಇತ್ತು ಎಂದು ಹೇಳಿ ಮಾಲಿ ನೀರಿನ ಪೈಪು ತೆಗೆದುಕೊಂಡು ಆ ಕಡೆ ಹೋದ. ಅದಾದ ಮೇಲೆ ಪಠ್ಯಪುಸ್ತಕದ ಗೋದಾಮು, ಈಗ ನಾವು. ನಡುವಿನ ವರ್ಷಗಳ ಬಗ್ಗೆ ನಿರ್ದೇಶಕರನ್ನು ಕೇಳಿದೆ. ರಿಪೇರಿಗೆ ಮುಚ್ಚಿತ್ತು, ಅದನ್ನು ಬಿಟ್ಟು ಮುಂದಕ್ಕೆ ಹೋಗು ಎಂದರು. ಅಷ್ಟು ವರ್ಷ ರಿಪೇರಿ ಮಾಡಿದರೆ ಹೊಸದೇ ಕಟ್ಟಬಹುದಿತ್ತು ಎಂದು ನಕ್ಕೆ. ಅವರು ನಗಲಿಲ್ಲ.

ಅಮ್ಮಾ, ಆಸ್ಪತ್ರೆ ಹೋದ ಮೇಲೆ ಸಿನಿಮಾ ಬಂದಿದ್ದರೆ, ಸಿನಿಮಾ ತೋರಿಸುತ್ತಿದ್ದ ಅಪ್ಪ ಅದೇ ಆಸ್ಪತ್ರೆಯಲ್ಲಿ ಮಲಗಿದ್ದು ಹೇಗೆ? ನೀನು ಬೇರೆ ಯಾವುದೋ ಆಸ್ಪತ್ರೆಯನ್ನು ಇದರ ಜೊತೆ ಕಲಸಿಕೊಂಡಿದ್ದೀಯ.

ಒಳ್ಳೆಯ ಸುದ್ದಿಯನ್ನು ಕೊನೆಗೆ ಇಟ್ಟಿದ್ದೇನೆ. ಯಾವುದೋ ಇಲಾಖೆಯಿಂದ ಒಬ್ಬ ಸಾಹೇಬರು ಬಂದಿದ್ದರು. ಬಹಳ ಮರ್ಯಾದಸ್ಥರು, ಮೆತ್ತಗೆ ಮಾತು. ಕೂರುವ ಮೊದಲು ಕುರ್ಚಿಯನ್ನು ಕರ್ಚೀಫಿನಲ್ಲಿ ಒರೆಸುತ್ತಾರೆ, ಅದಕ್ಕೆ ನಾವು ಕರ್ಚೀಫು ಸಾಹೇಬರು ಎನ್ನುತ್ತೇವೆ. ನೆಲಮಾಳಿಗೆಯ ಸದ್ದು ಮೇಲಕ್ಕೆ ಎಷ್ಟು ಬರುತ್ತದೆ ಎಂದು ಅಳೆದು ಕೊಡಬೇಕು ಎಂದರು. ಅಳೆಯುವುದೆಂದರೆ ನನಗೆ ಹಬ್ಬ. ನಮ್ಮ ವಾರ್ತೆ ಓದುವವರನ್ನು, ಎಲ್ಲರೂ ಗಂಟಲಣ್ಣ ಎಂದು ಕರೆಯುತ್ತಾರೆ, ಕೋಣೆಯೊಳಗೆ ಕೂಡಿಸಿ ಬಾಗಿಲು ಹಾಕಿ, ಶಕ್ತಿಯಿದ್ದಷ್ಟು ಕಿರುಚಣ್ಣ ಎಂದೆ. ನಾನು ಮೀಟರು ಹಿಡಿದು ಮೆಟ್ಟಿಲ ಮೇಲೆ, ಹಜಾರದಲ್ಲಿ, ಬೀದಿಯಲ್ಲಿ ನಿಂತೆ. ಮುಳ್ಳು ಅಲ್ಲಾಡಲಿಲ್ಲ. ಬಾಗಿಲು ತೆಗೆದರೆ ಗಂಟಲಣ್ಣನ ಮುಖ ಕೆಂಪಗಾಗಿತ್ತು, ಎರಡು ಲೋಟ ನೀರು ಕುಡಿದರು. ಏನೂ ಕೇಳಿಸುವುದಿಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಇಂಥ ಚೊಕ್ಕ ಕೆಲಸ ನೋಡಿಲ್ಲ ಎಂದು ಸಾಹೇಬರು ಎಲ್ಲರೆದುರು ಹೊಗಳಿದರು.

ನಿನ್ನ ಮಗಳು


ಜುಲೈ ೯

ಮಗಳೇ,

ದೊಡ್ಡಮ್ಮನಿಗೆ ಹುಷಾರಿಲ್ಲ. ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನೇ ಕೇಳುತ್ತಾಳೆ. ಕಾಗದ ಕಂಡ ಕೂಡಲೇ ಹೊರಟು ಬಾ. ಬರುವಾಗ ನಿನ್ನ ಸಾಮಾನೆಲ್ಲ ತೆಗೆದುಕೊಂಡೇ ಬಾ, ಇಲ್ಲಿ ಬಹಳ ದಿನ ಇರಬೇಕಾಗಬಹುದು.

ನಿನ್ನ ಕಾಗದದ ಲಕೋಟೆಗೆ ಎರಡು ಸಲ ಅಂಟು ಹಚ್ಚಿದ ಹಾಗಿತ್ತು. ನಿಮ್ಮ ಆಫೀಸಿನಲ್ಲಿ ಅಂಟು ಪುಕ್ಕಟೆಯೇ? ಇನ್ನು ಮೇಲೆ ಕಾರ್ಡಿನಲ್ಲೇ ಬರೆ. ನಮ್ಮದೇನು ಮುಚ್ಚಿಡುವಂಥ ಸುದ್ದಿ. ನಿಮ್ಮ ಸಾಹೇಬರು ನಿನ್ನನ್ನು ಮೆಚ್ಚಿಕೊಂಡಿದ್ದು ಬಹಳ ಸಂತೋಷ, ಅವರಿಗೆ ನನ್ನ ನಮಸ್ಕಾರ ತಿಳಿಸು.

ತಡ ಮಾಡಬೇಡ.

ಅಮ್ಮ


ಜುಲೈ ೨೦

ಅಮ್ಮಾ,

ರಜೆ ಬರೆದು ಕೊಟ್ಟಿದ್ದೆ, ಟಿಕೆಟ್ಟೂ ತೆಗೆದಿದ್ದೆ. ಹೊರಡುವ ಮೊದಲು ದೊಡ್ಡಮ್ಮ ಹೇಗಿದ್ದಾರೆ ಎಂದು ಕೇಳೋಣವೆಂದು ನಿಮ್ಮ ಪಕ್ಕದ ಅಂಗಡಿಗೆ ಫೋನು ಮಾಡಿದೆ. ಫೋನು ಎತ್ತಿದ್ದು ಯಾರು ಗೊತ್ತೇ? ಹಾಸಿಗೆ ಹಿಡಿದ ದೊಡ್ಡಮ್ಮ. ನೂಲು ಕೊಳ್ಳಲು ಬಂದಿದ್ದರಂತೆ. "ನನಗೇನಾಗಿದೆಯೇ, ಗುಂಡುಕಲ್ಲಿನ ಹಾಗಿದ್ದೀನಲ್ಲ" ಎಂದರು.

ಎಷ್ಟು ಹೆದರಿದ್ದೆ ಎಂದು ನಿನಗೆ ಗೊತ್ತಿಲ್ಲ. ಯಾವುದೋ ಗಂಡು ನೋಡಿಟ್ಟಿದ್ದೀಯ, ಅದಕ್ಕೇ ಈ ನಾಟಕ. ಸಾಮಾನೆಲ್ಲ ತಾ ಎಂದಾಗಲೇ ನನಗೆ ಹೊಳೆಯಬೇಕಿತ್ತು. ನನಗೆ ಕೆಲಸ ಬಿಡುವ ಮನಸ್ಸಿಲ್ಲ. ಅಂಟಿನ ಲೆಕ್ಕ ಹಾಕುವಷ್ಟು ಜಿಪುಣತನ ನಿನಗೆ ಯಾವಾಗ ಬಂತೋ ಕಾಣೆ.

ಇಲ್ಲಿ ನನ್ನ ತಲೆಬಿಸಿ ನನಗೆ. ನೆಲಮಾಳಿಗೆಯನ್ನು ನಮ್ಮಿಂದ ಕಿತ್ತುಕೊಂಡರು. ಏನೋ ದುರಸ್ತಿಯಂತೆ. ಕೆಳಗಿನ ಕಿಟಕಿಗಳಿಗೆ ಸರಳು ಹಾಕಿದ್ದಾರೆ, ಮೆಟ್ಟಿಲ ಬಳಿ ಕಾವಲಿನವನು ಕೂತಿದ್ದಾನೆ. ಗಂಟಲಣ್ಣ ಒಂದು ವಾರದಿಂದ ಕೆಲಸಕ್ಕೆ ಬಂದಿಲ್ಲ. ಯಾವತ್ತೋ ವಾರ್ತೆಯಲ್ಲಿ ಒಂದು ಸಾಲು ಬಿಟ್ಟು ಓದಿದರೆಂದು ಬೈಸಿಕೊಂಡಿದ್ದರು, ಅದಾದ ಮಾರನೆಯ ದಿನದಿಂದ ಇಲ್ಲ. ಜ್ವರವಂತೆ. ಅವರ ಜಾಗದಲ್ಲಿ ಓದುವವನ ಧ್ವನಿ ಒಡಕು ಡಬ್ಬದ್ದು, ಅದನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ನಾನು ಬರುವುದಿಲ್ಲ. ಕೋಪ ಇಳಿದ ಮೇಲೆ ಬರೆಯುತ್ತೇನೆ.


ಜುಲೈ ೨೭

ಮಗಳೇ,

ಜ್ವರ ಎಂದು ನನಗೂ ಹೇಳಿದ್ದರು. ಆಗ ಅದು ಆಸ್ಪತ್ರೆಯಾಗಿರಲಿಲ್ಲ.

ಬಾ.

ಅಮ್ಮ


ಆಗಸ್ಟ್ ೧೪

ಅಮ್ಮಾ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ತಂದು ಕೊಟ್ಟವರು ಗಂಟಲಣ್ಣನ ಹೆಂಡತಿ. ಅವರ ತವರು ನಮ್ಮೂರು ದಾಟಿ ಮುಂದೆ. ಕೂರಿಸಿ ನೀರು ಕೊಡು, ಏನೂ ಕೇಳಬೇಡ. ಮರಳಿ ಹೋಗುವಾಗ ಅವರ ಕೈಗೇ ಉತ್ತರ ಕೊಡು. ಬರೆಯದೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೀಯ. ನಿನ್ನ ಕಾರ್ಡು ಬಂದಾಗಿನಿಂದ ಅಂಚೆ ಡಬ್ಬಿಗೆ ಕಾಗದ ಹಾಕುವ ಧೈರ್ಯವಾಗಲಿಲ್ಲ.

ಅವರು ದಿನಾ ಗಂಡನಿಗೆ ಒಗೆದ ಬಟ್ಟೆ ತಂದು ಬಾಗಿಲಲ್ಲಿ ನಿಲ್ಲುತ್ತಾರೆ. ಕಾವಲಿನವನು ಬಟ್ಟೆ ತೆಗೆದುಕೊಳ್ಳುತ್ತಾನೆ, ಚಿಕಿತ್ಸೆ ನಡೆಯುತ್ತಿದೆ ಎನ್ನುತ್ತಾನೆ, ಕಳಿಸುತ್ತಾನೆ. ನಾವು ಮೇಲಿನ ಮಹಡಿಯಲ್ಲಿ ಸಂಗೀತ ಹಾಕುತ್ತಾ ಇರುತ್ತೇವೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮಾಲಿ ಕೂಡ ಬರುವುದು ನಿಲ್ಲಿಸಿದ್ದಾನೆ.

ಹೋದ ವಾರ ಕರ್ಚೀಫು ಸಾಹೇಬರು ನನ್ನನ್ನು ಕರೆಸಿದರು. ಎರಡನೆಯ ಮಹಡಿಯ ಟೇಪು ಕೋಣೆಯಲ್ಲಿ ಏನೋ ಸದ್ದು ಕೇಳುತ್ತದೆ ಎಂದು ಯಾರೋ ದೂರು ಕೊಟ್ಟಿದ್ದಾರಂತೆ. "ನೀವು ಕೇಳಿಸಲ್ಲ ಅಂತ ಸಹಿ ಹಾಕಿದ್ರಿ. ಎಲ್ಲಿಂದ ಸೋರ್ತಿದೆ ಅಂತ ನೀವೇ ಹುಡುಕಿ ಮುಚ್ಚಿಕೊಡಿ" ಎಂದರು. ಬೈಯಲಿಲ್ಲ. ಕುರ್ಚಿ ಒರೆಸಿಕೊಂಡು ಕೂತು, ನಗುತ್ತಲೇ ಹೇಳಿದರು.

ಟೇಪು ಕೋಣೆಯ ಕಪಾಟಿನ ಹಿಂದೆ ಒಂದು ಹಳೆಯ ಗಾಳಿಗೂಡು ಇದೆ. ಧಾನ್ಯಕ್ಕೆ ಮುಗ್ಗಲು ಹಿಡಿಯದಿರಲಿ ಎಂದು ವ್ಯಾಪಾರಿಗಳು ಗೋಡೆಯೊಳಗೆ ತಳದವರೆಗೆ ಕೊರೆಸಿದ್ದು. ನಾನು ಮೊದಲ ಸಲ ಅಳೆದಾಗ ಅಲ್ಲಿ ನಿಂತಿರಲೇ ಇಲ್ಲ. ಕಪಾಟು ಸರಿಸಿ ಕಿವಿಯಿಟ್ಟೆ.

ಗಂಟಲಣ್ಣ ವಾರ್ತೆ ಓದುತ್ತಿದ್ದರು. ಯಾರೂ ಇಲ್ಲದ ಕಡೆ, ಎದುರಿಗೆ ಕಾಗದ ಇಲ್ಲದೆ, ಹವಾಮಾನ ಹೇಳುತ್ತಿದ್ದರು. ನಾಳೆ ಮೋಡ ಕವಿದಿರುತ್ತದೆ ಎಂದು. ಧ್ವನಿ ಹರಿದುಹೋಗಿದೆ. ಆದರೆ ಸಾಲು ಶುರು ಮಾಡುವ ಮೊದಲು ಅವರು ಎಳೆದುಕೊಳ್ಳುವ ಉಸಿರನ್ನು ನಾನು ವರ್ಷಗಟ್ಟಲೆ ಟೇಪಿನಿಂದ ಕತ್ತರಿಸಿದ್ದೇನೆ, ಅದು ನನಗೆ ತಪ್ಪುವುದಿಲ್ಲ. ಆ ಕೋಣೆಗೆ ಅವರನ್ನು ಮೊದಲು ಕೂಡಿಸಿ ಬಾಗಿಲು ಹಾಕಿದವಳು ನಾನೇ ಅಲ್ಲವೇ ಅಮ್ಮಾ?

ಮುಂದಿನ ವಾರದೊಳಗೆ ಮುಚ್ಚಬೇಕು. ಮುಚ್ಚದೆ, ಸದ್ದೇ ಇಲ್ಲ ಎಂದು ಸುಳ್ಳು ಹೇಳಿದರೆ ಸಾಹೇಬರೇ ಬಂದು ಕೂತು ಕೇಳುತ್ತಾರೆ. ನನಗೆ ಬಹಳ ಹೆದರಿಕೆಯಾಗುತ್ತಿದೆ. ಮೆಟ್ಟಿಲ ಮೇಲೆ ಯಾರಾದರೂ ನಡೆದರೆ ಹೆಜ್ಜೆ ಎಣಿಸುತ್ತಾ ಕೂರುತ್ತೇನೆ. ಏನು ಮಾಡಲಿ? ಅಪ್ಪನಿಗೆ ಏನಾಯಿತು ಎಂದು ಈಗಲಾದರೂ ಹೇಳು.


ಆಗಸ್ಟ್ ೧೭

ಮಗಳೇ,

ಆಕೆ ಹೊರಗೆ ಕೂತಿದ್ದಾರೆ, ದೊಡ್ಡಮ್ಮ ಅವರ ಕೈ ಹಿಡಿದುಕೊಂಡಿದ್ದಾಳೆ. ಬೇಗ ಬೇಗ ಬರೆಯುತ್ತೇನೆ.

ಸಿನಿಮಾ ನಿಲ್ಲಿಸಿ ಕಟ್ಟಡವನ್ನು ನಿಮ್ಮ ಸಾಹೇಬರಂಥವರು ತೆಗೆದುಕೊಂಡಾಗ ನಿಮ್ಮಪ್ಪ ಮೆಷೀನಿನ ಸಾಮಾನು ತರಲು ಒಳಗೆ ಹೋದರು. ಒಳಗೆ ಏನು ನೋಡಿದರೋ, ಯಾರ ಹತ್ತಿರ ಏನು ಮಾತಾಡಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹೊರಗೆ ಬರಲಿಲ್ಲ. ಜ್ವರ, ಇಲ್ಲೇ ಮಲಗಿಸಿದ್ದೇವೆ ಎಂದರು. ಆಗ ನೀನು ಹೊಟ್ಟೆಯಲ್ಲಿದ್ದೆ.

ಕಟ್ಟಡದ ಹಿಂದಿನ ಓಣಿಯಲ್ಲಿ, ಗೋಡೆಯ ಬುಡದಲ್ಲಿ, ಕಾಲ ಹರಡಿನ ಎತ್ತರಕ್ಕೆ ಒಂದು ಗಾಳಿಕಂಡಿ ಇತ್ತು. ನಾನು ದಿನಾ ಅಲ್ಲಿಗೆ ಹೋಗಿ ಚಪ್ಪಲಿಯ ಪಟ್ಟಿ ಸರಿಮಾಡುವ ಹಾಗೆ ಬಗ್ಗುತ್ತಿದ್ದೆ. ಬಸುರಿ ಹೆಂಗಸು ಸುಧಾರಿಸಿಕೊಳ್ಳುತ್ತಿದ್ದಾಳೆ ಎಂದು ಜನ ಅಂದುಕೊಳ್ಳುತ್ತಿದ್ದರು. ನಿಮ್ಮಪ್ಪ ಕೆಮ್ಮುವುದು ಕೇಳಿಸುತ್ತಿತ್ತು. ಅಷ್ಟೇ. ಆ ಕೆಮ್ಮು ಕೇಳಿದ ದಿನ ನಾನು ಊಟ ಮಾಡುತ್ತಿದ್ದೆ, ಕೇಳದ ದಿನ ಇಲ್ಲ.

ಒಂದು ದಿನ ಹೋದರೆ ಗಾರೆಯವನು ಕೂತು ಕಂಡಿಗೆ ಸಿಮೆಂಟು ಮೆತ್ತುತ್ತಿದ್ದ. ಯಾಕಪ್ಪಾ ಎಂದೆ. "ನಂಗೇನು ಗೊತ್ತಮ್ಮ, ಮುಚ್ಚು ಅಂದ್ರು, ಮುಚ್ತಾ ಇದ್ದೀನಿ" ಎಂದ. ಆಮೇಲೆ ನನಗೆ ಏನೂ ಗೊತ್ತಾಗಲಿಲ್ಲ. ಯಾವ ದಿನ ಹೋದರು ಎಂದು ಗೊತ್ತಿಲ್ಲ. ಸತ್ತ ದಿನ ಎಂದು ನಾವು ಪ್ರತಿ ವರ್ಷ ನೆನೆಯುವುದು ಆ ಕಂಡಿ ಮುಚ್ಚಿದ ದಿನವನ್ನು.

ಆ ಗಾರೆಯವನಿಗೆ ನಾನು ಹಾಕದ ಶಾಪ ಇಲ್ಲ. ಅವನ ಕೈ ಬಿದ್ದುಹೋಗಲಿ ಎಂದು ನಿನಗೆ ಹಾಲು ಕೊಡುವಾಗಲೂ ಅಂದುಕೊಂಡಿದ್ದೇನೆ. ಈಗ ನಿನಗೆ ಹೇಳುತ್ತೇನೆ ಕೇಳು. ಮುಚ್ಚಿಬಿಡು. ಮುಚ್ಚಿ, ಕೈ ತೊಳೆದುಕೊಂಡು, ರಜೆ ಹಾಕಿ ಬಂದುಬಿಡು. ಅವನಿಗೂ ಮನೆಯಲ್ಲಿ ಒಬ್ಬಳು ಅಮ್ಮ ಇದ್ದಿರಬೇಕು, ಹೀಗೇ ಹೇಳಿರಬೇಕು. ಹೊರಗೆ ಕೂತ ಆಕೆಯ ಮುಖ ನೋಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ನನಗೆ ನೀನು ಬೇಕು. ಬೇರೆ ಏನೂ ಬೇಡ.

ಅಮ್ಮ


ಆಗಸ್ಟ್ ೨೪

ಅಮ್ಮಾ,

ಇದನ್ನು ತಂದವರೂ ಅವರೇ.

ನೀನು ಹೇಳಿದ ಹಾಗೆ ಮಾಡಲು ಹೋದೆ. ಟೇಪು ಕೋಣೆಯ ಗೂಡಿಗೆ ಕಂಬಳಿ ತುರುಕಿ, ಹಲಗೆ ಹೊಡೆದು, ಸಾಹೇಬರ ಕಣ್ಣೆದುರೇ ಮುಚ್ಚಿದೆ. ಅವರು ಹಲಗೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತರು. ಕೋಣೆಯಲ್ಲಿ ನನ್ನ ಉಸಿರು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಭೇಷ್ ಎಂದರು.

ಹೊರಗೆ ಬಂದ ಮೇಲೆ ಕೈ ತೊಳೆಯಲು ಆಗಲಿಲ್ಲ, ಅಮ್ಮಾ. ನಿನ್ನ ಕಾಗದ ಓದಿದವಳು ಹೇಗೆ ತೊಳೆಯಲಿ? ವಾಪಸು ಹೋಗಿ ಸಾಹೇಬರಿಗೆ ಹೇಳಿದೆ, ಮೇಲಿನ ಬಾಯಿ ಮುಚ್ಚಿದ್ದರಿಂದ ಕೆಳಗೆ ಗಾಳಿಯಾಡದೆ ಗೋಡೆಯೊಳಗಿನ ಕಂಬಳಿ ಕೊಳೆಯುತ್ತದೆ, ಕೊಳೆತರೆ ಮತ್ತೆ ಸದ್ದು ಸೋರುತ್ತದೆ, ಹಿಂಬದಿಯಲ್ಲಿ ಒಂದು ಸಣ್ಣ ಕಂಡಿ ಬಿಡಲೇಬೇಕು ಎಂದು. ನನ್ನ ಮಾತನ್ನು ಅವರು ನಂಬುತ್ತಾರೆ. ಆಗಲಿ ಎಂದರು. ಓಣಿಯಲ್ಲಿ, ನೀರಿಳಿಯುವ ಕೊಳವೆಯ ಹಿಂದೆ, ನಿನ್ನ ಗಾರೆಯವನ ಸಿಮೆಂಟನ್ನು ನಾನೇ ಉಳಿಯಿಂದ ಕೆತ್ತಿ ತೆಗೆದೆ. ಗಂಟಲಣ್ಣನ ಹೆಂಡತಿಗೆ ಜಾಗ ತೋರಿಸಿದ್ದೇನೆ. ನಿನ್ನೆ ಬಗ್ಗಿ ಕೇಳಿಕೊಂಡು ಬಂದರು. ನಾಳೆ ಬಿಸಿಲು ಇರುತ್ತದಂತೆ ಎಂದು ನನಗೆ ಹೇಳಿ ಅತ್ತರು.

ಶನಿವಾರದ ರೈಲಿಗೆ ಬರುತ್ತೇನೆ. ರಜೆ ಕೇಳಲು ಹೋದಾಗ ಸಾಹೇಬರೂ ಅಲ್ಲೇ ಇದ್ದರು. ನಿರ್ದೇಶಕರು ಸಹಿ ಹಾಕಿದರು. ಸಾಹೇಬರು ನನ್ನ ಕಡೆ ನೋಡಿ, "ತಾಯಿ ಚೆನ್ನಾಗಿದ್ದಾರಾ? ಅವರಿಗೂ ಈ ಕಟ್ಟಡ ಹಿಂದಿನಿಂದ ಪರಿಚಯ ಅಂತ ಕಾಣುತ್ತೆ. ಕಾರ್ಡು ಚೆನ್ನಾಗಿ ಬರೀತಾರೆ" ಎಂದರು.

ನಾನು ನಕ್ಕೆ. ರಜೆ ಚೀಟಿ ಮಡಿಸಿಕೊಂಡು ಹೊರಗೆ ಬಂದೆ.

ಶನಿವಾರ ಸ್ಟೇಷನ್ನಿಗೆ ಬಾ.


ಸೆಪ್ಟೆಂಬರ್ ೧

ಮಗಳೇ,

ಶನಿವಾರ ಸ್ಟೇಷನ್ನಿಗೆ ಬಂದಿದ್ದೆ. ಎಲ್ಲರೂ ಇಳಿದು ಹೋದರು. ಭಾನುವಾರವೂ ಬಂದೆ, ದೊಡ್ಡಮ್ಮನೂ ಬಂದಿದ್ದಳು. ರಜೆ ಮುಂದಕ್ಕೆ ಹೋಗಿರಬೇಕು ಎನ್ನುತ್ತಾಳೆ ಅವಳು. ಒಂದು ಸಾಲು ಬರೆ. ಬರೆಯಲು ಆಗದಿದ್ದರೆ ಖಾಲಿ ಕಾರ್ಡನ್ನಾದರೂ ಹಾಕು.

ಅಮ್ಮ


ಸೆಪ್ಟೆಂಬರ್ ೧೧

ಮಗಳೇ,

ಈ ಚೀಟಿಯನ್ನು ಒಗೆದ ಬಟ್ಟೆಯ ಜೊತೆ ಬಾಗಿಲಿನವರ ಕೈಗೆ ಕೊಡುತ್ತಿದ್ದೇನೆ. ಸಾಹೇಬರು ಓದಿ ನಿನಗೆ ತಲುಪಿಸುತ್ತಾರಂತೆ, ದೊಡ್ಡ ಮನಸ್ಸು ಅವರದ್ದು. ನಿನಗೆ ಜ್ವರ ಎಂದರು. ಜ್ವರ ಯಾರಿಗೆ ಬರುವುದಿಲ್ಲ ಹೇಳು. ಇಳಿಯುತ್ತದೆ.

ನಾನು ಈಗ ನಗರದಲ್ಲೇ ಇದ್ದೇನೆ. ನಿಮ್ಮ ಕಟ್ಟಡದ ಹತ್ತಿರವೇ ಒಬ್ಬ ದರ್ಜಿ ತನ್ನ ಅಂಗಡಿಯ ಜಗಲಿಯಲ್ಲಿ ಮೆಷೀನು ಇಟ್ಟುಕೊಳ್ಳಲು ಬಿಟ್ಟಿದ್ದಾನೆ. ಹಗಲೆಲ್ಲ ಅಲ್ಲೇ ಕೂತು ಹರಿದ ಬಟ್ಟೆ ಹೊಲಿಯುತ್ತೇನೆ. ನಿಮ್ಮ ಗಂಟಲಣ್ಣನ ಹೆಂಡತಿ ಬಂದು ಗುಂಡಿ ಹಾಕಿ ಕೊಡುತ್ತಾರೆ. ಕೆಲಸ ಇಲ್ಲದಾಗ ಮೆಷೀನು ನಿಲ್ಲಿಸಿ ಇಬ್ಬರೂ ಸುಮ್ಮನೆ ಕೂರುತ್ತೇವೆ. ಓಣಿ ಆಗ ಬಹಳ ಪ್ರಶಾಂತವಾಗಿರುತ್ತದೆ.

ಔಷಧಿ ಕಹಿಯಾದರೆ ಹಲ್ಲು ಕಚ್ಚಿಕೊಂಡು ಮಲಗಬೇಡ. ಸಣ್ಣವಳಿದ್ದಾಗ ಜ್ವರ ಬಂದರೆ ನಿನ್ನ ಬಾಯಿಗೆ ಬೀಗವೇ ಇರುತ್ತಿರಲಿಲ್ಲ, ಹಾಗೇ ಇರು. ಗುನುಗು, ಗೊಣಗು, ನನ್ನನ್ನು ಬೈದುಕೊ, ಏನಾದರೂ ಮಾಡು. ನೀನು ಸುಮ್ಮನಿದ್ದರೆ ನನಗೆ ತಡೆಯಲು ಆಗುವುದಿಲ್ಲ.

ಮೊನ್ನೆಯಿಂದ ಒಂದು ತುತ್ತು ಇಳಿದಿರಲಿಲ್ಲ. ಇವತ್ತು ಬೆಳಿಗ್ಗೆ ಓಣಿಯಲ್ಲಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಬಂದು, ಕೂತು, ಊಟ ಮಾಡಿದೆ.

ನಾಳೆಯೂ ಊಟ ಮಾಡಿಸು, ಮಗಳೇ.

ಅಮ್ಮ